ಬಿಡುವಿನ ವೇಳೆಯ ಶಿಷ್ಯರು

ಸರ್ಕಾರಿ ನೌಕರರ ಬೀಳ್ಕೊಡುಗೆ ಸಮಾರಂಭಗಳಲ್ಲಿ ಹಾರ, ಶಾಲು, ಮೈಸೂರು ಪೇಟ ಮತ್ತು ಫಲತಾಂಬೂಲದ ಜೊತೆಗೆ ಒಂದು ಹಾರೈಕೆಯೂ ತಪ್ಪದೆ ಸಲ್ಲುತ್ತದೆ: ವಿಶ್ರಾಂತ ಜೀವನ ಸುಖಕರವಾಗಿರಲಿ. ಅರವತ್ತು ತುಂಬಿದ ಮನುಷ್ಯ ಅದನ್ನು ಕೈಮುಗಿದು ಸ್ವೀಕರಿಸಿ, ಇಲಾಖೆಯ ಜೀಪಿನಲ್ಲಿಯೋ ಸಹೋದ್ಯೋಗಿಯ ಕಾರಿನಲ್ಲಿಯೋ ಮನೆ ಸೇರುತ್ತಾನೆ. ಮರುದಿನ ಬೆಳಿಗ್ಗೆ ಹತ್ತೂವರೆಗೆ, ಇಡೀ ಸೇವಾವಧಿಯಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದ ಅದೇ ಹೊತ್ತಿನಲ್ಲಿ, ಏನು ಮಾಡಬೇಕೆಂಬುದನ್ನು ಮಾತ್ರ ವೇದಿಕೆಯ ಮೇಲಿದ್ದ ಯಾರೂ ಹೇಳಿರುವುದಿಲ್ಲ. ಕುವೆಂಪುನಗರದಿಂದ ವಿಜಯನಗರದವರೆಗೆ ಮೈಸೂರಿನ ಯಾವ ಬಡಾವಣೆಗೆ ಹೋದರೂ ಈ ಹತ್ತೂವರೆಯ ಗಂಡಸರನ್ನು ಸುಲಭವಾಗಿ ಗುರುತಿಸಬಹುದು. ಗೇಟಿನ ಬಳಿ ನಿಂತು ಹಾಲಿನವನ ಲೆಕ್ಕ, ಕಸದ ಗಾಡಿ ಬರುವ ಸಮಯ, ಎದುರು ಮನೆಯವರು ಕಾರು ನಿಲ್ಲಿಸಿದ ರೀತಿ, ಇವೆಲ್ಲದರ ಮೇಲ್ವಿಚಾರಣೆಯನ್ನು ಅವರು ತಾವಾಗಿಯೇ ವಹಿಸಿಕೊಂಡಿರುತ್ತಾರೆ. ಅಧಿಕಾರ ಹೋಗಿದೆ, ಅದನ್ನು ಚಲಾಯಿಸುವ ಅಭ್ಯಾಸ ಹೋಗಿಲ್ಲ.

ಇದು ನಿವೃತ್ತರಿಗೆ ಮಾತ್ರ ಅಂಟಿದ ತೊಡಕೆಂದು ನಾನು ಹೇಳಲಾರೆ. ಮಂಡ್ಯ ಜಿಲ್ಲೆಯ ನಾಲಾ ಬಯಲಿನಲ್ಲಿ ಕಬ್ಬು ನಾಟಿ ಮಾಡಿದ ರೈತನಿಗೆ ಕಟಾವಿಗೆ ಹೆಚ್ಚುಕಡಿಮೆ ಒಂದು ವರ್ಷ ಬೇಕು, ನಡುವೆ ನೀರು ಕಟ್ಟುವ, ಗೊಬ್ಬರ ಕೊಡುವ, ಗರಿ ತೆಗೆಯುವ ಕೆಲಸಗಳ ಮಧ್ಯೆ ಸಾಕಷ್ಟು ಸಂಜೆಗಳು ಖಾಲಿ ಬಿದ್ದಿರುತ್ತವೆ. ಮೈಸೂರಿನ ಹೊರವಲಯದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬಂದವನಿಗೂ, ಹೆಬ್ಬಾಳದ ಕಡೆಯ ಸಾಫ್ಟ್‌ವೇರ್ ಕಂಪನಿಗಳ ಹುಡುಗನಿಗೂ ವಾರದಲ್ಲಿ ಒಂದೆರಡು ದಿನ ಕೈಯಲ್ಲಿ ಉಳಿಯುತ್ತವೆ. ಸಮಯವೇ ಇಲ್ಲ ಎಂದು ನಾವು ಗಂಡಸರು ಹೇಳುವ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಸಮಯ ಇದೆ. ಅದು ಅರಳಿಕಟ್ಟೆಯ ಇಸ್ಪೀಟಿಗೆ, ಟೀ ಅಂಗಡಿಯ ರಾಜಕೀಯಕ್ಕೆ, ಬಾರಿನ ಮೇಜಿಗೆ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಅಂಗೈಯ ಮೊಬೈಲಿಗೆ ಹೋಗುತ್ತಿದೆ.

ಇವನ್ನೆಲ್ಲ ಒಟ್ಟಾಗಿ ಹಳಿಯುವುದು ನನ್ನ ಉದ್ದೇಶವಲ್ಲ. ಕಟ್ಟೆಯ ಹರಟೆ ಊರಿನ ಸುದ್ದಿಯನ್ನು ಊರಿಗೆ ಹಂಚುತ್ತದೆ, ಕಷ್ಟದಲ್ಲಿರುವವನಿಗೆ ನಾಲ್ಕು ಜನರ ಮುಖ ತೋರಿಸುತ್ತದೆ. ಆದರೆ ಈ ಎಲ್ಲ ಕಾಲಕ್ಷೇಪಗಳಿಗೂ ಸಮಾನವಾದ ಒಂದು ಗುಣವಿದೆ, ಮತ್ತು ಅದನ್ನು ಗಮನಿಸಿದ ಮೇಲೆಯೇ ಹವ್ಯಾಸ ಎಂಬುದರ ಬಗ್ಗೆ ನನಗೆ ಒಂದು ಅಭಿಪ್ರಾಯ ಮೂಡಿದ್ದು. ಇಲ್ಲೆಲ್ಲ ಗಂಡಸು ಹೇಳಿದ್ದೇ ಸರಿ. ಟೀ ಅಂಗಡಿಯಲ್ಲಿ ಮುಖ್ಯಮಂತ್ರಿ ಏನು ಮಾಡಬೇಕಿತ್ತೆಂದು ತೀರ್ಪು ಕೊಟ್ಟವನನ್ನು ಯಾರೂ ತಿದ್ದುವುದಿಲ್ಲ, ಎದುರು ವಾದ ಮಾಡುತ್ತಾರೆ ಅಷ್ಟೆ. ಕ್ರಿಕೆಟ್ ನೋಡುತ್ತ ನಾಯಕನ ಫೀಲ್ಡಿಂಗ್ ಬದಲಿಸುವವನಿಗೆ ಸೋಲೇ ಇಲ್ಲ. ಮೊಬೈಲಂತೂ ನಾವು ಈಗಾಗಲೇ ಒಪ್ಪಿಕೊಂಡಿರುವ ಮಾತನ್ನೇ ಹುಡುಕಿ ತಂದು ಮತ್ತೆ ಮತ್ತೆ ಕೇಳಿಸುತ್ತದೆ. ಮನೆಯಲ್ಲಿ, ಕಚೇರಿಯಲ್ಲಿ, ಹೊಲದಲ್ಲಿ ಯಜಮಾನಿಕೆ ಮಾಡಿ ಅಭ್ಯಾಸವಾದವನು ಬಿಡುವಿನಲ್ಲಿಯೂ ಯಜಮಾನನಾಗಿಯೇ ಉಳಿದರೆ, ಆ ಬಿಡುವು ಅವನಿಗೆ ಹೊಸದೇನನ್ನೂ ಕೊಡುವುದಿಲ್ಲ. ಬೆಳೆದ ಗಂಡಸು ಮತ್ತೊಬ್ಬರ ಮುಂದೆ ಕೂತು ತಿದ್ದಿಸಿಕೊಳ್ಳಲು ಒಪ್ಪುವ ಜಾಗ ಯಾವುದೋ ಅದೇ ನನ್ನ ಪ್ರಕಾರ ಒಳ್ಳೆಯ ಹವ್ಯಾಸ.

ಈ ಮಾತಿಗೆ ನನ್ನ ಬಳಿ ಇರುವ ಅತ್ಯುತ್ತಮ ಸಾಕ್ಷಿ ಮಂಡ್ಯ ಸೀಮೆಯ ಪೌರಾಣಿಕ ನಾಟಕ. ಹೊರಗಿನವರಿಗೆ ಇದರ ವ್ಯಾಪ್ತಿ ತಿಳಿದಿರುವುದು ಕಡಿಮೆ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾಗುವ ಹೊತ್ತಿಗೆ ಮಂಡ್ಯ, ಮದ್ದೂರು, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆಯ ಕಡೆಯ ರಸ್ತೆಗಳ ಇಕ್ಕೆಲಗಳಲ್ಲಿ ಕಿರೀಟ ಧರಿಸಿದ, ಗದೆ ಹೊತ್ತ, ಕೆಳಗೆ ತಮ್ಮ ಹೆಸರು ಮತ್ತು ಊರನ್ನು ಬರೆಸಿಕೊಂಡ ಗಂಡಸರ ಫ್ಲೆಕ್ಸ್‌ಗಳು ಎದ್ದು ನಿಲ್ಲುತ್ತವೆ. ಅವರಲ್ಲಿ ರೈತರಿದ್ದಾರೆ, ಮೇಷ್ಟ್ರುಗಳಿದ್ದಾರೆ, ಪೊಲೀಸ್ ಪೇದೆ, ಬಸ್ ಕಂಡಕ್ಟರ್, ಗುತ್ತಿಗೆದಾರ, ಗ್ರಾಮ ಪಂಚಾಯಿತಿ ಸದಸ್ಯ ಎಲ್ಲರೂ ಇದ್ದಾರೆ. ಇವರಿಗೆ ಯಾರೂ ಸಂಭಾವನೆ ಕೊಡುವುದಿಲ್ಲ. ಪಾರ್ಟು ಬೇಕಾದವರು ತಾವೇ ದುಡ್ಡು ಕೊಟ್ಟು ಪಡೆಯುತ್ತಾರೆ. ಕುರುಕ್ಷೇತ್ರ ನಾಟಕವಾದರೆ ದುರ್ಯೋಧನ ಮತ್ತು ಕೃಷ್ಣನ ಪಾತ್ರಗಳಿಗೆ ಬೆಲೆ ಹೆಚ್ಚು, ಸಣ್ಣ ಪಾತ್ರಗಳಿಗೆ ಕಡಿಮೆ. ಬೇಡಿಕೆ ಜಾಸ್ತಿಯಾದಾಗ ಒಂದೇ ಪಾತ್ರವನ್ನು ದೃಶ್ಯಗಳ ಪ್ರಕಾರ ಹಂಚಿ, ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸುವುದೂ ಉಂಟು. ಹೀಗೆ ಕೂಡಿದ ಹಣದಲ್ಲಿ ಸೀನರಿ, ವೇಷಭೂಷಣ, ಧ್ವನಿವರ್ಧಕ, ವಾದ್ಯದವರು, ಸ್ತ್ರೀ ಪಾತ್ರಗಳಿಗೆ ಬರುವ ವೃತ್ತಿ ಕಲಾವಿದೆಯರು ಮತ್ತು ಮಾಸ್ತರರ ಖರ್ಚು ನಡೆಯುತ್ತದೆ.

ನಗರದ ರಂಗಾಸಕ್ತರು ಈ ನಾಟಕಗಳನ್ನು ಕೊಂಚ ಕೀಳಾಗಿ ಕಾಣುವುದನ್ನು ನಾನು ನೋಡಿದ್ದೇನೆ. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ರಂಗಾಯಣ ನಾಟಕ ಸಂಸ್ಥೆ ಹುಟ್ಟಿದ ಊರು ನಮ್ಮ ಮೈಸೂರು. ಅಲ್ಲಿನ ಅಭಿರುಚಿಯಲ್ಲಿ ಬೆಳೆದವರಿಗೆ ನಲವತ್ತು ನಿಮಿಷ ಕಂದಪದ್ಯ ಹಾಡುವ ದುರ್ಯೋಧನ, ಅವನ ಕೊರಳಿಗೆ ನಡುದೃಶ್ಯದಲ್ಲಿಯೇ ನೋಟಿನ ಹಾರ ಹಾಕುವ ಭಾವಮೈದ, ಹಾಡು ಮುಗಿಯುತ್ತಿದ್ದಂತೆ ಏಳುವ ಒನ್ಸ್ ಮೋರ್ ಕೂಗು, ಇವೆಲ್ಲ ಅತಿ ಅನ್ನಿಸುವುದು ಸಹಜ. ಆದರೆ ಪ್ರದರ್ಶನದ ರಾತ್ರಿಯನ್ನು ಮಾತ್ರ ನೋಡಿ ಈ ಹವ್ಯಾಸವನ್ನು ಅಳೆಯಬಾರದು. ಅದರ ಸತ್ವ ಇರುವುದು ಅದಕ್ಕೆ ಮೊದಲಿನ ತಾಲೀಮಿನಲ್ಲಿ.

ತಾಲೀಮು ನಡೆಯುವುದು ದೇವಸ್ಥಾನದ ಪ್ರಾಂಗಣದಲ್ಲಿ, ಸಮುದಾಯ ಭವನದಲ್ಲಿ ಅಥವಾ ಯಾರದೋ ಖಾಲಿ ಗೋದಾಮಿನಲ್ಲಿ, ಊಟ ಮುಗಿದ ಮೇಲೆ. ಹಾರ್ಮೋನಿಯಂ ಹಿಂದೆ ಡ್ರಾಮಾ ಮಾಸ್ತರರು ಕೂತಿರುತ್ತಾರೆ. ಬಹಳ ಸಲ ಅವರು ಆ ಕೋಣೆಯಲ್ಲಿರುವ ಎಲ್ಲರಿಗಿಂತ ಕಡಿಮೆ ಆಸ್ತಿಯುಳ್ಳವರು, ಊರಿಂದೂರಿಗೆ ಬಸ್ಸಿನಲ್ಲಿ ತಿರುಗುವವರು. ಅವರೆದುರು ಕೂತವನಿಗೆ ಹತ್ತು ಎಕರೆ ಗದ್ದೆ ಇರಬಹುದು, ಟ್ರಾಕ್ಟರ್ ಇರಬಹುದು, ತಾಲ್ಲೂಕು ಕಚೇರಿಯಲ್ಲಿ ಅವನ ಮಾತು ನಡೆಯುತ್ತಿರಬಹುದು. ಆದರೆ ಶ್ರುತಿಯನ್ನು ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಗೆ ಹಿಡಿದು ಮಾಸ್ತರರು ಮಟ್ಟು ಎತ್ತಿಕೊಟ್ಟಾಗ ಅವನ ಸ್ವರ ಅಲ್ಲಿಗೆ ಕೂರಬೇಕು. ಕೂರದಿದ್ದರೆ ಮತ್ತೊಮ್ಮೆ. ಮತ್ತೂ ಕೂರದಿದ್ದರೆ ಇಡೀ ಗುಂಪಿನ ಎದುರಿಗೇ ಬೈಗುಳ. ‘ಸಾಲು ನುಂಗ್ಬೇಡಿ ಗೌಡ್ರೆ, ಪದ ಬಿಡಿಸಿ ಹೇಳಿ’ ಎಂಬ ಮಾತನ್ನು ಬೇರೆ ಯಾವ ಸಂದರ್ಭದಲ್ಲಿಯೂ ಆ ಮನುಷ್ಯ ಸಹಿಸಿಕೊಳ್ಳುತ್ತಿರಲಿಲ್ಲ. ಅಲ್ಲಿ ಸಹಿಸುತ್ತಾನೆ, ತಲೆ ತಗ್ಗಿಸಿ ಮತ್ತೆ ಹಾಡುತ್ತಾನೆ, ಮರುದಿನ ಗದ್ದೆಯ ಬದುವಿನ ಮೇಲೆ ನಡೆಯುತ್ತ ಅದನ್ನೇ ಗುನುಗುತ್ತಾನೆ. ಓದು ಅರ್ಧಕ್ಕೆ ನಿಂತವರು ಹಳಗನ್ನಡದ ನೆರಳಿರುವ ವೃತ್ತ, ಕಂದಗಳನ್ನು ಬಾಯಿಪಾಠ ಮಾಡಿ, ಅಲ್ಪಪ್ರಾಣ ಮಹಾಪ್ರಾಣಗಳನ್ನು ಬೇರ್ಪಡಿಸಿ ಉಚ್ಚರಿಸುವುದನ್ನು ಕಲಿಯುತ್ತಾರೆ. ಶಾಲೆಯಲ್ಲಿ ಮೇಷ್ಟ್ರು ಬೆತ್ತ ಹಿಡಿದು ಕಲಿಸಲಾಗದ ‘ಹ’ಕಾರವನ್ನು ನಲವತ್ತೈದನೆಯ ವಯಸ್ಸಿನಲ್ಲಿ ಭೀಮನ ಗದೆಯೊಂದು ಕಲಿಸಿರುತ್ತದೆ.

ಇನ್ನೂ ಒಂದು ಸಂಗತಿ ಇದೆ. ಈ ಜಿಲ್ಲೆಯ ಗಂಡಸರು ಅಳುವುದನ್ನು ನಾನು ಸಾವಿನ ಮನೆ ಬಿಟ್ಟರೆ ನೋಡಿರುವುದು ಈ ರಂಗದ ಮೇಲೆ ಮಾತ್ರ. ಕುಂತಿಯ ಮುಂದೆ ಕರ್ಣ ಕಣ್ಣೀರಿಡುವ ದೃಶ್ಯದಲ್ಲಿ ಪಾತ್ರಧಾರಿಯ ಗಂಟಲು ನಿಜವಾಗಿ ಕಟ್ಟುತ್ತದೆ, ಮುಂದಿನ ಸಾಲಿನಲ್ಲಿ ಕೂತ ಅವನ ಓರಗೆಯವರೂ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. ದಿನನಿತ್ಯದ ಬದುಕಿನಲ್ಲಿ ಅವರಿಗೆ ಅಂಥ ಅವಕಾಶವಿಲ್ಲ. ಮಳೆ ಕೈಕೊಟ್ಟು ನಾಲೆಗೆ ನೀರು ಬಾರದ ವರ್ಷ, ಕಬ್ಬಿನ ಬಾಕಿ ಕೈಸೇರದ ವರ್ಷ, ಸಾಲದ ಕಂತಿನ ದಿನ, ಇವುಗಳ ಬಗ್ಗೆ ಅವರು ಸಿಟ್ಟಿನಲ್ಲಿ ಮಾತಾಡಬಲ್ಲರೇ ಹೊರತು ದುಃಖದಲ್ಲಿ ಮಾತಾಡಲಾರರು. ಕರ್ಣನ ಹೆಸರಿನಲ್ಲಿ ಅಷ್ಟಾದರೂ ಸಾಧ್ಯವಾಗುವುದಾದರೆ ಪಾತ್ರಕ್ಕೆ ಕೊಟ್ಟ ದುಡ್ಡು ದುಬಾರಿಯೆಂದು ನನಗೆ ಅನ್ನಿಸುವುದಿಲ್ಲ. ಸಾಲ ಮಾಡಿ ಪಾರ್ಟು ಕೊಳ್ಳುವವರ ವಿಷಯ ಬೇರೆ, ಅದನ್ನು ಯಾವ ಕಾರಣಕ್ಕೂ ಸಮರ್ಥಿಸಲಾರೆ.

ಮೈಸೂರು ನಗರದಲ್ಲಿ ಇದಕ್ಕೆ ಸಮನಾದ ಹಳೆಯ ಸಂಸ್ಥೆಯೆಂದರೆ ಗರಡಿಮನೆ. ನಜರ್‌ಬಾದ್, ಲಷ್ಕರ್ ಮೊಹಲ್ಲಾ ಮುಂತಾದ ಹಳೆಯ ಬಡಾವಣೆಗಳ ಓಣಿಗಳಲ್ಲಿ ಇಂದಿಗೂ ತಗ್ಗು ಬಾಗಿಲಿನ ಗರಡಿಗಳು ಉಳಿದಿವೆ. ಒಳಗೆ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ ಬೆರೆಸಿ ಹದ ಮಾಡಿದ ಮಟ್ಟಿ, ಗೋಡೆಗೆ ಒರಗಿಸಿದ ಗದೆಗಳು, ಆಂಜನೇಯನ ಪಟ. ದಂಡ, ಬಸ್ಕಿ ಹೊಡೆದು, ಮಣ್ಣು ಅಗೆದು ಸಡಿಲ ಮಾಡಿ, ಆಮೇಲೆ ಹಿಡಿತಕ್ಕೆ ಇಳಿಯುವುದು ಕ್ರಮ. ದಸರೆ ಹತ್ತಿರ ಬಂದಾಗ ಪೈಲ್ವಾನರ ಜೋಡಿ ಕಟ್ಟುತ್ತಾರೆ, ದೊಡ್ಡಕೆರೆ ಮೈದಾನದ ಪಕ್ಕದ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಾಡಕುಸ್ತಿ ನಡೆಯುತ್ತದೆ. ಅಲ್ಲಿ ಗೆಲ್ಲುವವರು ಬೆರಳೆಣಿಕೆಯ ಮಂದಿ. ಉಳಿದವರು ಹಾಲು ಮಾರಿ, ಆಟೋ ಓಡಿಸಿ, ಅಂಗಡಿಯಲ್ಲಿ ಲೆಕ್ಕ ಬರೆದು, ಬೆಳಿಗ್ಗೆ ಮತ್ತು ಸಂಜೆ ಮಾತ್ರ ಮಣ್ಣಿಗೆ ಇಳಿಯುವವರು, ದಸರೆಯಲ್ಲಿ ಪ್ರೇಕ್ಷಕರಾಗಿ ಕೂತು ಒಂದೊಂದು ಪಟ್ಟನ್ನೂ ಹೆಸರು ಹಿಡಿದು ಗುರುತಿಸುವವರು. ಉಸ್ತಾದರ ಮಾತಿಗೆ ಅವರು ಎದುರಾಡುವುದಿಲ್ಲ. ಈಗ ಹುಡುಗರು ಕನ್ನಡಿ ಹಾಕಿದ ಜಿಮ್ಮುಗಳ ಕಡೆಗೆ ಸರಿದಿದ್ದಾರೆ. ಅದನ್ನು ನಾನು ಆಕ್ಷೇಪಿಸುವುದಿಲ್ಲ, ಮೈ ಎಲ್ಲಿ ಬೆಳೆದರೂ ಮೈಯೇ. ಆದರೆ ಜಿಮ್ಮಿನಲ್ಲಿ ಮನುಷ್ಯ ನೋಡುವುದು ಹೆಚ್ಚಾಗಿ ತನ್ನನ್ನೇ, ಮಟ್ಟಿಯಲ್ಲಿ ಎದುರಾಳಿಯನ್ನು ನೋಡದೆ ಒಂದು ಕ್ಷಣವೂ ನಿಲ್ಲಲಾಗುವುದಿಲ್ಲ.

ಯೋಗದ ಬಗ್ಗೆ ಒಂದು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದರು, ಅವರ ಶಿಷ್ಯ ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ತಮ್ಮದೇ ಶಾಲೆ ಆರಂಭಿಸಿದರು. ಇಂದು ಗೋಕುಲಂನ ಬೀದಿಗಳಲ್ಲಿ ನಸುಕಿಗೇ ಚಾಪೆ ಹಿಡಿದು ಹೋಗುವ ವಿದೇಶಿಯರನ್ನು ಕಾಣಬಹುದು. ತಮ್ಮ ದೇಶಗಳಲ್ಲಿ ವಕೀಲರು, ವೈದ್ಯರು, ಕಂಪನಿಗಳ ಒಡೆಯರು ಆಗಿರುವವರು ಇಲ್ಲಿ ತಮ್ಮ ಸೊಂಟ ಎಲ್ಲಿ ಬಾಗಬೇಕೆಂಬುದನ್ನು ಇನ್ನೊಬ್ಬರ ಕೈ ತೋರಿಸಿಕೊಡಲೆಂದು ಸಮುದ್ರ ದಾಟಿ ಬರುತ್ತಾರೆ. ಅದೇ ಬೀದಿಯ ನಮ್ಮ ಗಂಡಸರು ಬಾಲ್ಕನಿಯಲ್ಲಿ ಕಾಫಿ ಹಿಡಿದು ಅವರನ್ನು ನೋಡುತ್ತಾರೆ.

ಇಂಥ ಹವ್ಯಾಸಗಳಿಗೆಲ್ಲ ಗುರು ಎದುರಿಗೇ ಕೂತಿರಬೇಕು ಎಂಬ ನಿಯಮವೇನೂ ಇಲ್ಲ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೈನಾಕ್ಯುಲರ್ ಹಿಡಿದು ನಿಲ್ಲುವ ವರ್ಗಕ್ಕೆ ನಾನೂ ಸೇರಿದವನು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಈ ಕೆರೆಯ ಸುತ್ತ ಬೆಳಿಗ್ಗೆ ನಡೆಯುವವರ ಸಂಖ್ಯೆ ದೊಡ್ಡದು, ನಿಂತು ನೋಡುವವರ ಸಂಖ್ಯೆ ಚಿಕ್ಕದು. ಒಣಗಿದ ಕೊಂಬೆಯ ಮೇಲೆ ಕಪ್ಪು ಹಕ್ಕಿಯೊಂದು ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತಿದ್ದರೆ ಅದನ್ನು ನೀರುಕಾಗೆ ಎಂದುಬಿಡುವುದು ಸುಲಭ. ಹಾವಕ್ಕಿಯೂ ಹಾಗೆಯೇ ರೆಕ್ಕೆ ಒಣಗಿಸುತ್ತದೆ. ಕೊಕ್ಕು ಭರ್ಜಿಯಂತೆ ನೇರವಾಗಿದೆಯೋ, ತುದಿಯಲ್ಲಿ ಕೊಂಡಿಯಂತೆ ಬಾಗಿದೆಯೋ ಎಂದು ನೋಡಬೇಕು, ಕತ್ತಿನ ಉದ್ದ ನೋಡಬೇಕು. ನಿವೃತ್ತ ಇಂಜಿನಿಯರ್ ಒಬ್ಬರಿಗೆ ಇದನ್ನು ಮಾನಸಗಂಗೋತ್ರಿಯ ವಿದ್ಯಾರ್ಥಿನಿಯೊಬ್ಬಳು ವಿವರಿಸುತ್ತಿದ್ದುದನ್ನು ಪಕ್ಕದಲ್ಲಿ ನಿಂತು ಕೇಳಿದ್ದೇನೆ. ತಮ್ಮ ಮೊಮ್ಮಗಳ ವಯಸ್ಸಿನ ಹುಡುಗಿ ತಿದ್ದಿದ್ದನ್ನು ಅವರು ಚಿಕ್ಕ ನೋಟ್‌ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದುಕೊಂಡರು. ಅವರ ಕಚೇರಿಯ ದಿನಗಳಲ್ಲಿ ಕಿರಿಯ ಇಂಜಿನಿಯರುಗಳಿಗೆ ಆ ಭಾಗ್ಯ ಸಿಕ್ಕಿತ್ತೋ ಇಲ್ಲವೋ.

ಈ ಸೀಮೆ ಹಕ್ಕಿ ನೋಡುವವರಿಗೆ ಹೇಳಿ ಮಾಡಿಸಿದ್ದು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಸಲೀಂ ಅಲಿ ಅವರು ಮೈಸೂರು ಅರಸರಿಗೆ ಮನವರಿಕೆ ಮಾಡಿಕೊಟ್ಟ ಫಲ, 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳಾದ ರಾಮ್ಸರ್ ತಾಣಗಳ ಪಟ್ಟಿಗೂ ಸೇರಿತು. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಲ್ಲಿ ಇಳಿಯುತ್ತವೆ. ಆದರೆ ಬಿಡುವಿನ ಸದುಪಯೋಗದ ದೃಷ್ಟಿಯಿಂದ ನನಗೆ ಹೆಚ್ಚು ಮುಖ್ಯವೆನಿಸುವುದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ ಮರಗಳಲ್ಲಿಯೇ ಗೂಡು ಕಟ್ಟುತ್ತವೆ, ಜನ ಅವುಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕಾಣುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. ಮುಂದೆ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಒಡನಾಟದಲ್ಲಿ ಊರಿನ ಯುವಕರೇ ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು, ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ಹಾರುವಷ್ಟು ಬೆಳೆಸಿ ಬಿಡತೊಡಗಿದರು. ಹೊಲದ ಕೆಲಸ ಮುಗಿಸಿ ಬಂದ ಹುಡುಗರು ಹೆಜ್ಜಾರ್ಲೆ ಮರಿಯ ಹಸಿವಿನ ವೇಳಾಪಟ್ಟಿಗೆ ತಮ್ಮ ಸಂಜೆಯನ್ನು ಒಪ್ಪಿಸಿದ್ದು ಸಣ್ಣ ಮಾತಲ್ಲ. ಮರಿ ಕಾಯುವುದಿಲ್ಲ, ನೆಪ ಕೇಳುವುದಿಲ್ಲ.

ಅರಸರ ವಿಷಯ ಬಂದದ್ದರಿಂದ, ಮೈಸೂರಿನ ಚರಿತ್ರೆಯಲ್ಲಿ ಅತಿ ದೊಡ್ಡ ಬಿಡುವು ಯಾರ ಪಾಲಿಗೆ ಬಂದಿತು ಎಂದು ಯೋಚಿಸಿದರೆ ಮತ್ತೆ ಮುಮ್ಮಡಿಯವರೇ ನೆನಪಾಗುತ್ತಾರೆ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡಾಗ ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ, 1868ರಲ್ಲಿ ತೀರಿಕೊಳ್ಳುವವರೆಗೆ ಅವರು ರಾಜ್ಯಭಾರವಿಲ್ಲದ ರಾಜರಾಗಿ ಬದುಕಿದರು. ಅಂಥ ಅವಮಾನದ ಬಿಡುವನ್ನು ಕುಡಿತದಲ್ಲಿ, ಬೇಟೆಯಲ್ಲಿ ಕಳೆದ ಅರಸರು ಬೇಕಾದಷ್ಟು ಮಂದಿ ಇದ್ದಾರೆ. ಮುಮ್ಮಡಿಯವರು ಪಂಡಿತರನ್ನು ಸೇರಿಸಿಕೊಂಡು ಶ್ರೀತತ್ತ್ವನಿಧಿ ಎಂಬ ಗ್ರಂಥವನ್ನು ಸಿದ್ಧಪಡಿಸಿದರು. ಅದರ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳಿಗೇ ಜಾಗ ಕೊಟ್ಟರು, ಇಸ್ಪೀಟಿನಂಥ ಗಂಜೀಫಾ ಎಲೆಗಳ ಹೊಸ ಆಟಗಳನ್ನು ರೂಪಿಸಿದರು, ಚದುರಂಗದ ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದೇ ಸಲ ಕಾಲಿಡಿಸಿ ದಾಟಿಸುವ ಬಂಧಗಳನ್ನು ರಚಿಸಿದರು. ಕುದುರೆಯ ನಡೆ ಅರಸನಿಗೂ ಆಳಿಗೂ ಒಂದೇ. ರಾಜಾಜ್ಞೆಯಿಂದ ಅದನ್ನು ಪಕ್ಕದ ಮನೆಗೆ ಸರಿಸಲು ಬರುವುದಿಲ್ಲ. ಅಪ್ಪಣೆ ಕೊಡುವ ಅಧಿಕಾರವನ್ನು ಕಳೆದುಕೊಂಡ ಮನುಷ್ಯ ತಾನಾಗಿಯೇ ಒಂದು ನಿಯಮಕ್ಕೆ ಒಳಪಟ್ಟು ಅದರಲ್ಲಿ ಸೃಷ್ಟಿಶೀಲನಾದ ಈ ಪ್ರಸಂಗವನ್ನು ನಮ್ಮ ನಿವೃತ್ತ ಅಧಿಕಾರಿಗಳ ಬೀಳ್ಕೊಡುಗೆಗಳಲ್ಲಿ ಯಾರಾದರೂ ಹೇಳಬೇಕು.

ಅಧಿಕಾರಿಗಳಲ್ಲಿಯೇ ಮಾದರಿ ಬೇಕೆಂದರೆ ಎಚ್.ಎಲ್. ನಾಗೇಗೌಡರಿದ್ದಾರೆ. 1915ರಲ್ಲಿ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿ ಐಎಎಸ್ ಅಧಿಕಾರಿಯಾದ ಅವರು ಹಳ್ಳಿಯ ಹಾಡುಗಳನ್ನು ಸಂಗ್ರಹಿಸುವ ಗೀಳನ್ನು ಎಂದೂ ಬಿಡಲಿಲ್ಲ. ಅಕ್ಷರ ಬಾರದ ಸೋಬಾನೆ ಹಾಡುಗಾರ್ತಿಯರ ಎದುರು ಆ ದೊಡ್ಡ ಅಧಿಕಾರಿ ಬರೆದುಕೊಳ್ಳುವವನಾಗಿ ಕೂತರು. ಅವರ ನೇತೃತ್ವದಲ್ಲಿ 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಸ್ಥಾಪನೆಯಾಯಿತು, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ಬಾಗಿಲು ತೆರೆಯಿತು. ಎಲ್ಲರೂ ಇಷ್ಟು ದೊಡ್ಡದನ್ನು ಕಟ್ಟಲಾರರು, ಕಟ್ಟಬೇಕಾಗಿಯೂ ಇಲ್ಲ. ಕೇಳಿಸಿಕೊಳ್ಳುವುದನ್ನು ಒಂದು ಕಸುಬಿನಂತೆ ರೂಢಿಸಿಕೊಂಡದ್ದು ಮಾತ್ರ ಎಲ್ಲರಿಗೂ ಎಟಕುವಂಥದ್ದು.

ಹವ್ಯಾಸದ ಹೆಸರಿನಲ್ಲಿ ನಡೆಯುವ ಕೊಳ್ಳುಬಾಕತನದ ಬಗ್ಗೆ ನನಗೆ ಸಹನೆ ಕಡಿಮೆ. ರಂಗನತಿಟ್ಟಿನ ದೋಣಿಯಲ್ಲಿ ಕೂತು, ಮೊಣಕೈ ಉದ್ದದ ಲೆನ್ಸನ್ನು ಪಕ್ಕದವನ ಲೆನ್ಸಿನ ಜೊತೆ ಅಳೆದು ನೋಡುತ್ತ, ಎದುರಿಗಿರುವ ಚಮಚದ ಕೊಕ್ಕಿನ ಹಕ್ಕಿ ಏನು ಮಾಡುತ್ತಿದೆ ಎಂಬುದನ್ನೇ ಮರೆಯುವವರಿದ್ದಾರೆ. ಮುಂಗಡವಾಗಿ ದುಬಾರಿ ಸೈಕಲ್, ಹೆಲ್ಮೆಟ್, ಮೈಗಂಟುವ ಅಂಗಿ ಎಲ್ಲ ಕೊಂಡು, ಚಾಮುಂಡಿ ಬೆಟ್ಟದ ರಸ್ತೆಯನ್ನು ಒಂದೆರಡು ಸಲ ಏರಿ, ಆಮೇಲೆ ಸೈಕಲ್ಲಿನ ಮೇಲೆ ಬಟ್ಟೆ ಒಣಗಿಸುವವರೂ ಇದ್ದಾರೆ. ಬೆಟ್ಟಕ್ಕೆ ಸುಮಾರು ಸಾವಿರ ಮೆಟ್ಟಿಲುಗಳಿವೆ, ಹತ್ತಲು ಬರಿಗಾಲು ಸಾಕು. ಹಕ್ಕಿ ನೋಡಲು ಸಾಧಾರಣವಾದ ಒಂದು 8×42 ಬೈನಾಕ್ಯುಲರ್ ಬಹುಕಾಲ ಸಾಕಾಗುತ್ತದೆ. ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನ ನೋಡಿ ಬಂದ ಹುರುಪಿನಲ್ಲಿ ತಾರಸಿ ತುಂಬ ಕುಂಡ ತಂದಿಡುವವರಿಗೆ ನಾನು ಹೇಳುವುದೂ ಇಷ್ಟೇ: ಮೊದಲು ಒಂದು ವೀಳ್ಯದೆಲೆ ಬಳ್ಳಿಯನ್ನು ಬೇಸಿಗೆ ದಾಟಿಸಿ, ಆಮೇಲೆ ಮಾತಾಡೋಣ. ಇನ್ನು ಹಣ ಕಟ್ಟಿ ಆಡುವ ಮೊಬೈಲ್ ಆಟಗಳನ್ನು ಹವ್ಯಾಸವೆಂದು ಕರೆಯುವವರ ಜೊತೆ ನನಗೆ ಚರ್ಚೆಯೇ ಬೇಡ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ಕಟ್ಟೆಯ ಇಸ್ಪೀಟಿನಲ್ಲಿ ಕಳೆದುಕೊಂಡವನಿಗೆ ಕನಿಷ್ಠ ಗೆದ್ದವನು ಯಾರೆಂದಾದರೂ ಗೊತ್ತಿರುತ್ತಿತ್ತು.

ಹೊಸದಾಗಿ ಏನನ್ನಾದರೂ ಆರಂಭಿಸಬೇಕೆಂದಿರುವ ನಡುವಯಸ್ಸಿನ ಗೆಳೆಯರು ಕೇಳಿದಾಗ ನಾನು ಯಾವ ಹವ್ಯಾಸ ಎಂಬುದಕ್ಕಿಂತ ಯಾವ ವಾರ, ಯಾವ ಹೊತ್ತು, ಯಾರ ಬಳಿ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ ಎನ್ನುತ್ತೇನೆ. ಬಿಡುವಾದಾಗ ಕಲಿಯುತ್ತೇನೆ ಎಂದವನಿಗೆ ಬಿಡುವಾಗುವುದಿಲ್ಲ. ಮಂಗಳವಾರ ಸಂಜೆ ಏಳಕ್ಕೆ ಮಾಸ್ತರರು ಹಾರ್ಮೋನಿಯಂ ತೆರೆದು ಕಾಯುತ್ತಿರುತ್ತಾರೆ ಎಂಬ ಸಂಕೋಚವೇ ಅವನನ್ನು ಮನೆಯಿಂದ ಎಬ್ಬಿಸುವುದು. ಮನೆಗೆ ಹತ್ತಿರವಿರಲಿ, ಖರ್ಚು ಸಂಬಳದ ಅಂಚಿಗೆ ಬಾರದಿರಲಿ, ಜೊತೆಗೆ ಕಲಿಯುವವರಲ್ಲಿ ಕೆಲವರಾದರೂ ನಮಗಿಂತ ಕಿರಿಯರಿರಲಿ. ಮೊದಲ ಆರು ತಿಂಗಳು ಯಾರಿಗೂ ತೋರಿಸದಿರುವುದು ಉತ್ತಮ, ಏಕೆಂದರೆ ತೋರಿಸಲು ಹೊರಟ ಕೂಡಲೇ ಮೆಚ್ಚುಗೆ ಶುರುವಾಗುತ್ತದೆ, ಮೆಚ್ಚುಗೆ ಶುರುವಾದ ಕಡೆ ಕಲಿಕೆ ನಿಲ್ಲುತ್ತದೆ. ಹವ್ಯಾಸವನ್ನು ಸಂಪಾದನೆಯ ದಾರಿ ಮಾಡಿಕೊಳ್ಳುವ ಸಲಹೆ ಕೊಡುವವರಿಂದಲೂ ದೂರವಿರಬೇಕು. ಗಿರಾಕಿಯನ್ನು ಮೆಚ್ಚಿಸುವ ಕೆಲಸ ನಮಗೆ ಬೇಕಾದಷ್ಟು ಈಗಾಗಲೇ ಇದೆ.

ಇಷ್ಟೆಲ್ಲ ಹೇಳಿದ ಮೇಲೆ, ಗಂಡಸರ ಬಿಡುವಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ದಾಟಿಬಿಡುವ ಒಂದು ಲೆಕ್ಕವನ್ನು ಮುಂದಿಡಲೇಬೇಕು. ರಾಷ್ಟ್ರೀಯ ಅಂಕಿಅಂಶ ಕಚೇರಿ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಅದರ ಪ್ರಕಾರ ಮನೆಯೊಳಗಿನ ಸಂಬಳವಿಲ್ಲದ ಕೆಲಸಗಳಲ್ಲಿ ದಿನವೊಂದಕ್ಕೆ ತೊಡಗುವ ಮಹಿಳೆಯರ ಪ್ರಮಾಣ ನೂರಕ್ಕೆ 81.2, ಗಂಡಸರ ಪ್ರಮಾಣ 26.1. ಹಾಗೆ ತೊಡಗಿದವರಲ್ಲಿ ಮಹಿಳೆಯರು ಸರಾಸರಿ 299 ನಿಮಿಷ ಕೆಲಸ ಮಾಡಿದರೆ ಗಂಡಸರು 97 ನಿಮಿಷ ಮಾಡುತ್ತಿದ್ದರು. ಅಂದರೆ ನಮ್ಮ ಬಿಡುವಿನ ಬಹುಪಾಲು ಆಕಾಶದಿಂದ ಬಿದ್ದದ್ದಲ್ಲ, ಅಡುಗೆಮನೆಯಲ್ಲಿ ನಿಂತವರು ನಮಗೆ ಕೊಟ್ಟ ಕೈಗಡ. ತಾಲೀಮಿಗೆ ಹೋಗುವ ದುರ್ಯೋಧನ ಊಟ ಮುಗಿಸಿ ಏಳುತ್ತಾನೆ, ತಟ್ಟೆ ಅಲ್ಲೇ ಇರುತ್ತದೆ. ಕೆರೆಯ ಏರಿಯಿಂದ ಹಿಂದಿರುಗುವ ಹಕ್ಕಿಪ್ರೇಮಿಗೆ ಇಡ್ಲಿ ಸಿದ್ಧವಾಗಿರುತ್ತದೆ. ವಾರದ ರಜೆ ಎಂಬುದು ಸಂಬಳ ತರುವವನಿಗೆ ಇದೆ, ಭಾನುವಾರ ಅಡುಗೆಯ ಕೆಲಸ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹಾಗಾಗಿ ತಿದ್ದಿಸಿಕೊಳ್ಳಲು ಒಪ್ಪುವ ಗಂಡಸಿಗೆ ಅತ್ಯಂತ ಹತ್ತಿರದ ಗುರುಕುಲ ಅಡುಗೆಮನೆಯೇ. ಮುದ್ದೆ ಕಟ್ಟುವುದನ್ನು ಐವತ್ತರ ಮೇಲೆ ಕಲಿತ ಮಂಡ್ಯದ ಗೆಳೆಯರೊಬ್ಬರಿದ್ದಾರೆ. ಹಿಟ್ಟು ಎಷ್ಟು ಹೊತ್ತು ಬೇಯಬೇಕು, ಕೋಲು ಯಾವಾಗ ಆಡಿಸಬೇಕು, ಗಂಟಾಗದಂತೆ ಹೇಗೆ ತಿರುವಬೇಕು ಎಂಬುದನ್ನು ಹೆಂಡತಿಯಿಂದ ಹೇಳಿಸಿಕೊಳ್ಳುವಾಗ, ತಾಲ್ಲೂಕು ಮಟ್ಟದ ಸಭೆಗಳಲ್ಲಿ ಮೈಕ್ ಬಿಡದ ಆ ಮನುಷ್ಯ ಬಾಯಿ ಮುಚ್ಚಿಕೊಂಡು ಕೇಳುತ್ತಾರಂತೆ. ಇದನ್ನು ಹವ್ಯಾಸದ ಲೆಕ್ಕಕ್ಕೆ ಸೇರಿಸಬಹುದೇ ಎಂದು ಅವರ ಹೆಂಡತಿಯನ್ನು ಕೇಳಿದರೆ ಒಪ್ಪಲಿಕ್ಕಿಲ್ಲ. ಅವರ ಪ್ರಕಾರ ಅದು ಸರದಿ. ಆ ಸರದಿಯಿಂದ ಉಳಿದ ಹೊತ್ತಿನಲ್ಲಿ ಆಕೆ ವಾರಕ್ಕೆರಡು ಸಂಜೆ ದೇವರನಾಮದ ತರಗತಿಗೆ ಹೋಗುತ್ತಾರೆ.

ಈಚೆಗೆ ಮಂಡ್ಯ ಮತ್ತು ಮೈಸೂರಿನ ರಂಗಮಂದಿರಗಳಲ್ಲಿ ಮಹಿಳೆಯರೇ ಎಲ್ಲ ಪಾತ್ರಗಳನ್ನೂ ವಹಿಸಿ ಪೌರಾಣಿಕ ನಾಟಕ ಆಡುವುದು ಹೆಚ್ಚಾಗಿದೆ. ಭೀಮನೂ ಅವರೇ, ಶಕುನಿಯೂ ಅವರೇ, ಗದೆ ಹೊರುವುದರಲ್ಲಿ ಯಾವ ರಿಯಾಯಿತಿಯೂ ಇಲ್ಲ. ಕಂದಪದ್ಯಗಳು ಅಷ್ಟೇ ಉದ್ದ, ಒನ್ಸ್ ಮೋರ್ ಕೂಗುಗಳೂ ಅಷ್ಟೇ ಜೋರು. ಅಂಥ ನಾಟಕವೊಂದರ ತಾಲೀಮು ನಡೆಯುವ ವಾರಗಳಲ್ಲಿ ಪಾತ್ರಧಾರಿಣಿಯರ ಮನೆಗಳಲ್ಲಿ ರಾತ್ರಿಯ ಸಾರು ಯಾರು ಮಾಡುತ್ತಾರೆ, ಸಾರಿಗೆ ಉಪ್ಪು ಎಷ್ಟೆಂದು ಅವರಿಗೆ ಯಾರು ಹೇಳಿಕೊಟ್ಟರು ಎಂಬುದನ್ನು ಮುಂದಿನ ಸಲ ಪ್ರೇಕ್ಷಕರ ಸಾಲಿನಲ್ಲಿ ಕೂತ ಗಂಡಂದಿರನ್ನೇ ಕೇಳಬೇಕೆಂದಿದ್ದೇನೆ.